ಹೊಸ ಬ್ಯಾಕ್ಟೀರಿಯಾಕ್ಕೆ ಹೆಸರಿಡುವವರು ಯಾರು? ಓದುಗರ ಪ್ರಶ್ನೆಗಳಿಗೆ ಉತ್ತರ

ಹೊಸದಾಗಿ ಪತ್ತೆಯಾಗುವ ಬ್ಯಾಕ್ಟೀರಿಯಾಗಳ ನಾಮಕರಣ ಮತ್ತು ವರ್ಗೀಕರಣದ ಬಗ್ಗೆ ಓದುಗರು ಬರೆದು ಕಳುಹಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಆಯ್ದುಕೊಂಡು ಇಲ್ಲಿ ಉತ್ತರಿಸಲಾಗಿದೆ. ಒಂದೇ ವಿಷಯವನ್ನು ಹಲವರು ಕೇಳಿದ್ದಲ್ಲಿ ಅವುಗಳನ್ನು ಒಟ್ಟುಗೂಡಿಸಲಾಗಿದೆ.

ಪ್ರಶ್ನೆ: ‘ಹೊಸ ಬ್ಯಾಕ್ಟೀರಿಯಾ ಪತ್ತೆ’ ಎಂಬ ಸುದ್ದಿಯನ್ನು ಆಗಾಗ ಓದುತ್ತಿರುತ್ತೇನೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಹುಪಾಲು ಬ್ಯಾಕ್ಟೀರಿಯಾಗಳು ಕಡ್ಡಿಯಂತೆಯೋ ಗುಂಡಗೆಯೋ ಕಾಣುತ್ತವೆ. ಹಾಗಿರುವಾಗ ಒಂದು ಬ್ಯಾಕ್ಟೀರಿಯಾ ನಿಜಕ್ಕೂ ಹೊಸ ಪ್ರಭೇದವೇ ಎಂದು ತೀರ್ಮಾನಿಸುವುದು ಹೇಗೆ?

ಉತ್ತರ: ನಿಮ್ಮ ಸಂದೇಹಕ್ಕೆ ಗಟ್ಟಿಯಾದ ಆಧಾರವಿದೆ. 1872ರಲ್ಲಿ ಫರ್ಡಿನಾಂಡ್ ಕೋನ್ ಬ್ಯಾಕ್ಟೀರಿಯಾಗಳನ್ನು ವ್ಯವಸ್ಥಿತವಾಗಿ ವಿಂಗಡಿಸಲು ಹೊರಟಾಗ ಅವರು ಮುಖ್ಯವಾಗಿ ನೆಚ್ಚಿಕೊಂಡದ್ದು ಆಕಾರವನ್ನೇ. ಮುಂದೆ 1884ರಲ್ಲಿ, ಕೋಶಗಳು ಬಣ್ಣ ಹಿಡಿದುಕೊಳ್ಳುವ ರೀತಿಯಿಂದ ಅವನ್ನು ಎರಡು ಗುಂಪಾಗಿ ವಿಂಗಡಿಸುವ ಗ್ರಾಂ ಅವರ ವಿಧಾನ ಬಂತು. ಜೀವಿಯು ಯಾವ ಸಕ್ಕರೆಯನ್ನು ಹುದುಗಿಸುತ್ತದೆ, ಅದಕ್ಕೆ ಆಮ್ಲಜನಕ ಬೇಕೇ, ಎಷ್ಟು ಉಪ್ಪು ಮತ್ತು ಎಷ್ಟು ಉಷ್ಣತೆಯನ್ನು ತಾಳಿಕೊಳ್ಳುತ್ತದೆ ಎಂಬ ಪರೀಕ್ಷೆಗಳು ಒಂದೊಂದಾಗಿ ಸೇರಿಕೊಂಡವು. ಹೊಸ ಪ್ರಭೇದವನ್ನು ವಿವರಿಸುವ ಪ್ರಬಂಧದಲ್ಲಿ ಈ ಮಾಹಿತಿಯೆಲ್ಲ ಇಂದಿಗೂ ಇರಬೇಕು. ಆದರೆ ಯಾವ ಜೀವಿ ಯಾವುದಕ್ಕೆ ಸಂಬಂಧಿ ಎಂಬುದನ್ನು ಈ ಗುಣಗಳು ಖಚಿತವಾಗಿ ಹೇಳಲಾರವು. ದೂರದ ಸಂಬಂಧಿಗಳೂ ಒಂದೇ ಬಗೆಯ ಬದುಕಿಗೆ ಹೊಂದಿಕೊಂಡು ಒಂದೇ ಥರ ಕಾಣಬಹುದು.

ನಿಜವಾದ ತಿರುವು ಬಂದದ್ದು 1977ರಲ್ಲಿ. ಕಾರ್ಲ್ ವೂಸ್ ಮತ್ತು ಜಾರ್ಜ್ ಫಾಕ್ಸ್ ಅವರು ಜೀವಕೋಶದಲ್ಲಿ ಪ್ರೋಟೀನ್ ತಯಾರಿಸುವ ರೈಬೋಸೋಮಿನ ಒಂದು ಭಾಗವನ್ನು, ಅಂದರೆ 16ಎಸ್ ರೈಬೋಸೋಮಲ್ ಆರ್‌ಎನ್‌ಎಯನ್ನು, ಜೀವಿಯಿಂದ ಜೀವಿಗೆ ಹೋಲಿಸಿ ನೋಡಿದರು. ಈ ಅಣು ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆ, ಎಲ್ಲದರಲ್ಲೂ ಒಂದೇ ಕೆಲಸ ಮಾಡುತ್ತದೆ ಮತ್ತು ಬಹಳ ನಿಧಾನವಾಗಿ ಬದಲಾಗುತ್ತದೆ. ಆದ್ದರಿಂದ ವಂಶಾವಳಿಯನ್ನು ಗುರುತಿಸಲು ಅದು ಹೇಳಿಮಾಡಿಸಿದಂತಿತ್ತು. ನೋಡಲು ಬ್ಯಾಕ್ಟೀರಿಯಾದಂತೆಯೇ ಇದ್ದ ಒಂದು ಗುಂಪು ಸಂಪೂರ್ಣ ಬೇರೆಯದೇ ಶಾಖೆಗೆ ಸೇರಿದ್ದೆಂದು, ಇಂದು ನಾವು ಆರ್ಕಿಯಾ ಎಂದು ಕರೆಯುವ ಶಾಖೆಯದೆಂದು, ಗೊತ್ತಾದದ್ದು ಹೀಗೆ.

ಇಂದು ಮಣ್ಣಿನಿಂದಲೋ ನೀರಿನಿಂದಲೋ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿ, ಅಗರ್ ತಟ್ಟೆಯ, ಅಂದರೆ ಪೋಷಕಾಂಶ ಬೆರೆಸಿದ ಜೆಲ್ಲಿ ತುಂಬಿದ ತಟ್ಟೆಯ, ಮೇಲೆ ಮತ್ತೆ ಮತ್ತೆ ಗೀರಿ ಬೆಳೆಸಿ, ಒಂದೇ ತಳಿಯಾಗಿ ಶುದ್ಧಗೊಳಿಸಿದ ನಂತರ ಮೊದಲು ಮಾಡುವ ಕೆಲಸವೆಂದರೆ ಅದರ 16ಎಸ್ ಜೀನಿನ ಸುಮಾರು 1,500 ಅಕ್ಷರಗಳನ್ನು ಓದಿ ದತ್ತಸಂಚಯದಲ್ಲಿರುವ ಪರಿಚಿತ ಪ್ರಭೇದಗಳ ಜೊತೆ ಹೋಲಿಸುವುದು. ಅತಿ ಹತ್ತಿರದ ಪ್ರಭೇದದ ಜೊತೆಗೂ ಹೋಲಿಕೆ ಶೇ 98.7ಕ್ಕಿಂತ ಕಡಿಮೆ ಇದ್ದರೆ ಅದು ಹೊಸ ಪ್ರಭೇದವಾಗಿರುವ ಸಾಧ್ಯತೆ ಬಹಳ ಹೆಚ್ಚು. ಅದಕ್ಕಿಂತ ಜಾಸ್ತಿ ಇದ್ದರೆ ಈ ಒಂದು ಜೀನಿನಿಂದ ಏನನ್ನೂ ತೀರ್ಮಾನಿಸಲಾಗದು. ಇಡೀ ಜೀನೋಮನ್ನೇ, ಅಂದರೆ ಜೀವಿಯ ಡಿಎನ್‌ಎಯನ್ನು ಪೂರ್ತಿಯಾಗಿ, ಓದಬೇಕು. 1987ರಲ್ಲಿ ತಜ್ಞರ ಸಮಿತಿಯೊಂದು ಎರಡು ತಳಿಗಳ ಡಿಎನ್‌ಎ ಎಳೆಗಳು ಒಂದಕ್ಕೊಂದು ಶೇ 70ರಷ್ಟಾದರೂ ಹೆಣೆದುಕೊಂಡರೆ ಅವನ್ನು ಒಂದೇ ಪ್ರಭೇದವೆಂದು ಪರಿಗಣಿಸಬಹುದೆಂದು ಹೇಳಿತ್ತು. ಆ ಪ್ರಯೋಗ ಶ್ರಮದಾಯಕವಾಗಿತ್ತು, ಫಲಿತಾಂಶವೂ ಪ್ರಯೋಗಾಲಯದಿಂದ ಪ್ರಯೋಗಾಲಯಕ್ಕೆ ವ್ಯತ್ಯಾಸವಾಗುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಎರಡು ಜೀನೋಮ್‌ಗಳ ಸಮಾನ ಭಾಗಗಳನ್ನು ಜೋಡಿಸಿ ಸರಾಸರಿ ಹೋಲಿಕೆಯನ್ನು ಲೆಕ್ಕಹಾಕುತ್ತಾರೆ. ಅದು ಶೇ 95–96ಕ್ಕಿಂತ ಕೆಳಗಿದ್ದರೆ ಎರಡೂ ಬೇರೆ ಬೇರೆ ಪ್ರಭೇದಗಳು.

ಈ ಶೇ 95 ಎಂಬ ಗೆರೆಯನ್ನು ಅನುಕೂಲಕ್ಕಾಗಿ ಎಳೆದದ್ದು ಎಂಬ ಟೀಕೆ ಬಹಳ ಕಾಲ ಇತ್ತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸುಮಾರು 90,000 ಜೀನೋಮ್‌ಗಳನ್ನು ಪರಸ್ಪರ ಹೋಲಿಸಿದಾಗ ಬಹುಪಾಲು ಜೋಡಿಗಳ ಹೋಲಿಕೆ ಶೇ 95ಕ್ಕಿಂತ ಮೇಲೆ ಅಥವಾ ಶೇ 83ಕ್ಕಿಂತ ಕೆಳಗೆ ಬಿತ್ತು, ನಡುವಿನ ಜಾಗದಲ್ಲಿ ಬಹಳ ಕಡಿಮೆ ಜೋಡಿಗಳಿದ್ದವು. ಆ ನಡುವಿನ ಅಂತರಕ್ಕೆ ನಾವು ಆಯ್ದುಕೊಂಡ ಮಾದರಿಗಳೇ ಕಾರಣವಿರಬಹುದೆಂಬ ವಾದ ಇನ್ನೂ ಉಳಿದಿದೆಯಾದರೂ, ಬ್ಯಾಕ್ಟೀರಿಯಾ ಜಗತ್ತಿನಲ್ಲಿ ಪ್ರಭೇದ ಎಂಬುದು ಬರೀ ನಮ್ಮ ಕಲ್ಪನೆಯಲ್ಲವೆಂದು ನಂಬಲು ಇದಕ್ಕಿಂತ ಬಲವಾದ ಆಧಾರ ನನಗೆ ಕಂಡಿಲ್ಲ.

ಹಾಗೆಂದು ಅಂಕಿಸಂಖ್ಯೆಗಳೇ ಕೊನೆಯ ಮಾತಲ್ಲ. ನೆರಡಿ ರೋಗ, ಅಂದರೆ ಆಂಥ್ರಾಕ್ಸ್ ತರುವ ಬ್ಯಾಸಿಲಸ್ ಆಂಥ್ರಾಸಿಸ್, ಆಹಾರ ಕೆಡಿಸಿ ವಾಂತಿಭೇದಿ ತರುವ ಬ್ಯಾಸಿಲಸ್ ಸೀರಿಯಸ್ ಮತ್ತು ಬೆಳೆಗಳ ಹುಳು ಕೊಲ್ಲಲು ಜೈವಿಕ ಕೀಟನಾಶಕವಾಗಿ ಬಳಸುವ ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಇವು ಮೂರೂ ಒಂದಕ್ಕೊಂದು ಎಷ್ಟು ಹತ್ತಿರದವೆಂದರೆ 16ಎಸ್ ಜೀನಿನಿಂದ ಅವುಗಳನ್ನು ಬೇರ್ಪಡಿಸಲು ಬಹುತೇಕ ಆಗುವುದಿಲ್ಲ. ಮೊದಲನೆಯದರ ಮಾರಕತನವೆಲ್ಲ ಮುಖ್ಯ ವರ್ಣತಂತುವಿನ ಹೊರಗೆ ಇರುವ ಎರಡು ಪುಟ್ಟ ಡಿಎನ್‌ಎ ಉಂಗುರಗಳಲ್ಲಿದೆ; ಪ್ಲಾಸ್ಮಿಡ್ ಎಂದು ಕರೆಯುವ ಇವುಗಳಲ್ಲಿ ಒಂದು ವಿಷವನ್ನೂ ಇನ್ನೊಂದು ಜೀವಕೋಶದ ರಕ್ಷಣಾ ಕವಚವನ್ನೂ ತಯಾರಿಸುವ ಜೀನ್‌ಗಳನ್ನು ಹೊತ್ತಿವೆ. ಮೂರನೆಯದರ ಕೀಟನಾಶಕ ಪ್ರೋಟೀನುಗಳ ಜೀನ್‌ಗಳೂ ಪ್ಲಾಸ್ಮಿಡ್‌ಗಳಲ್ಲೇ ಇವೆ. ಒಂದು ಕೋಶದಿಂದ ಇನ್ನೊಂದು ಕೋಶಕ್ಕೆ ದಾಟಬಲ್ಲ ವಸ್ತುವನ್ನು ಆಧರಿಸಿ ಪ್ರಭೇದಗಳನ್ನು ಬೇರ್ಪಡಿಸುವುದು ಸರಿಯೇ? ಜೀನೋಮ್ ತಜ್ಞರು ಸರಿಯಲ್ಲ ಎನ್ನುತ್ತಾರೆ. ಆದರೆ ರೋಗಿಯ ರಕ್ತದ ಮಾದರಿಯನ್ನು ಪರೀಕ್ಷಿಸಿ ವರದಿ ಬರೆಯುವವರಿಗೆ ಆ ಮೂರು ಹೆಸರುಗಳ ನಡುವಿನ ವ್ಯತ್ಯಾಸ ಜೀವ ಉಳಿಸುವ ವ್ಯತ್ಯಾಸ.

ಪ್ರಶ್ನೆ: ಹೆಸರನ್ನು ಅಂತಿಮಗೊಳಿಸುವ ಸಮಿತಿ ಇದೆಯೇ? ಕಂಡುಹಿಡಿದವರು ತಮಗೆ ಇಷ್ಟವಾದ ಹೆಸರು, ತಮ್ಮದೇ ಹೆಸರು ಇಡಬಹುದೇ?

ಉತ್ತರ: ಪ್ರೊಕ್ಯಾರಿಯೋಟ್‌ಗಳ, ಅಂದರೆ ಬ್ಯಾಕ್ಟೀರಿಯಾ ಮತ್ತು ಆರ್ಕಿಯಾಗಳ, ನಾಮಕರಣಕ್ಕೆ ಒಂದು ಅಂತರರಾಷ್ಟ್ರೀಯ ಸಂಹಿತೆಯಿದೆ, ಅದನ್ನು ನೋಡಿಕೊಳ್ಳಲು ಅಂತರರಾಷ್ಟ್ರೀಯ ಸಮಿತಿಯೂ, ವಿವಾದ ಬಂದಾಗ ತೀರ್ಪು ಕೊಡಲು ನ್ಯಾಯಿಕ ಆಯೋಗವೂ ಇವೆ. ಸಸ್ಯ ಮತ್ತು ಪ್ರಾಣಿಗಳ ನಾಮಕರಣ 18ನೇ ಶತಮಾನದ ಲಿನೇಯಸ್‌ನ ಕಾಲದಿಂದ ಲೆಕ್ಕಕ್ಕೆ ಬಂದರೆ, ಬ್ಯಾಕ್ಟೀರಿಯಾಗಳ ಹೆಸರಿಗೆ ಆರಂಭದ ದಿನ 1980ರ ಜನವರಿ 1. ಅದಕ್ಕೂ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಹತ್ತಾರು ಸಾವಿರ ಹೆಸರುಗಳು ಬಳಕೆಗೆ ಬಂದಿದ್ದವು. ಒಂದೇ ಜೀವಿಗೆ ಹಲವು ಹೆಸರು, ಹಲವು ಜೀವಿಗಳಿಗೆ ಒಂದೇ ಹೆಸರು, ಎಷ್ಟೋ ಹೆಸರುಗಳ ಹಿಂದೆ ಯಾವ ಜೀವಿ ಇತ್ತೆಂಬುದೇ ಗೊತ್ತಿಲ್ಲದ ಸ್ಥಿತಿ. ವಿವರಣೆಯೂ ಆಧಾರವೂ ಸರಿಯಿದ್ದ ಎರಡೂವರೆ ಸಾವಿರದ ಆಸುಪಾಸಿನಷ್ಟು ಹೆಸರುಗಳನ್ನು ಮಾತ್ರ ಉಳಿಸಿಕೊಂಡು ಒಂದು ಅಂಗೀಕೃತ ಪಟ್ಟಿಯನ್ನು ಪ್ರಕಟಿಸಿ, ಉಳಿದವುಗಳಿಗೆ ಅಂದಿನಿಂದ ಮಾನ್ಯತೆ ಇಲ್ಲವೆಂದು ಸಾರಲಾಯಿತು. ವಿಜ್ಞಾನದ ಇತರ ಶಾಖೆಗಳಲ್ಲಿ ಇಂಥ ಧೈರ್ಯದ ಶುಚಿಗೊಳಿಸುವಿಕೆ ಅಪರೂಪ. ಅದರ ಪ್ರಯೋಜನವನ್ನು ಬ್ಯಾಕ್ಟೀರಿಯಾ ಅಧ್ಯಯನ ಇಂದಿಗೂ ಪಡೆಯುತ್ತಿದೆ.

ಹೊಸ ಹೆಸರು ಮಾನ್ಯವಾಗಬೇಕಾದರೆ ಅದು ‘ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಸಿಸ್ಟಮ್ಯಾಟಿಕ್ ಅಂಡ್ ಎವಲ್ಯೂಷನರಿ ಮೈಕ್ರೋಬಯಾಲಜಿ’ ಎಂಬ ಪತ್ರಿಕೆಯಲ್ಲಿ ಪ್ರಕಟವಾಗಬೇಕು. ಬೇರೆ ಪತ್ರಿಕೆಯಲ್ಲಿ ಪ್ರಕಟವಾಗಿದ್ದರೆ ಈ ಪತ್ರಿಕೆಯ ಮಾನ್ಯತಾ ಪಟ್ಟಿಯಲ್ಲಿ ಸೇರಬೇಕು. ಹೆಸರು ಲ್ಯಾಟಿನ್ ರೂಪದಲ್ಲಿರಬೇಕು, ಅದರ ವ್ಯುತ್ಪತ್ತಿಯನ್ನು ತಿಳಿಸಬೇಕು. ಎಲ್ಲಕ್ಕಿಂತ ಮುಖ್ಯವಾದ ನಿಯಮವೆಂದರೆ, ಆ ಹೆಸರಿಗೆ ಆಧಾರವಾದ ಜೀವಂತ ತಳಿಯನ್ನು, ಅಂದರೆ ಮಾದರಿ ತಳಿಯನ್ನು, ಕನಿಷ್ಠ ಎರಡು ಬೇರೆ ಬೇರೆ ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಲ್ಲಿ ಇರಿಸಿ, ಕೇಳಿದ ಸಂಶೋಧಕರಿಗೆ ಅದು ಸಿಗುವಂತಿರಬೇಕು. ಅಲ್ಲಿ ತಳಿಯನ್ನು ಒಣಗಿಸಿ ಗಾಜಿನ ಪುಟ್ಟ ಕೊಳವೆಗಳಲ್ಲಿ ಮುದ್ರೆಮಾಡಿಯೋ ಅತಿಶೈತ್ಯದಲ್ಲಿಯೋ ಕಾಪಾಡುತ್ತಾರೆ. ಒಣಗಿಸಿ ಒತ್ತಿದ ಎಲೆ, ಪಿನ್ನು ಚುಚ್ಚಿಟ್ಟ ಕೀಟಗಳಂಥ ನಿರ್ಜೀವ ಮಾದರಿಗಳು ಸಸ್ಯ ಮತ್ತು ಪ್ರಾಣಿ ವಿಜ್ಞಾನಕ್ಕೆ ಸಾಕಾಗುತ್ತವೆ. ಬ್ಯಾಕ್ಟೀರಿಯಾದ ಹೆಸರಿಗಾದರೋ ಮತ್ತೆ ಬೆಳೆಸಬಹುದಾದ ಜೀವಿಯೇ ಆಧಾರ. ನಲವತ್ತು ವರ್ಷಗಳ ನಂತರ ಇನ್ನೊಬ್ಬ ಸಂಶೋಧಕ ಅದೇ ತಳಿಯನ್ನು ತರಿಸಿಕೊಂಡು ಅಂದಿನ ಹೇಳಿಕೆ ಸರಿಯೇ ಎಂದು ತಾನೇ ಪರೀಕ್ಷಿಸಬಹುದು.

ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳಬಾರದೆಂದು ಸಂಹಿತೆ ಶಿಫಾರಸು ಮಾಡುತ್ತದೆ. ಬೇರೆಯವರ ಗೌರವಾರ್ಥ ಇಡಬಹುದು, ಊರಿನ ಹೆಸರನ್ನೂ ಬಳಸಬಹುದು. ಭಾರತೀಯ ವಿಜ್ಞಾನಿಗಳು 2009ರಲ್ಲಿ, ವಾಯುಮಂಡಲದ ಮೇಲ್ಪದರದ ಗಾಳಿಯನ್ನು ಸಂಗ್ರಹಿಸಿದ ಕೊಳವೆಗಳಿಂದ ಬೇರ್ಪಡಿಸಿದ ಒಂದು ಬ್ಯಾಕ್ಟೀರಿಯಾಕ್ಕೆ ಖಗೋಳ ಗಣಿತಜ್ಞ ಆರ್ಯಭಟನ ನೆನಪಿನಲ್ಲಿ ಬ್ಯಾಸಿಲಸ್ ಆರ್ಯಭಟ್ಟೈ ಎಂದು ಹೆಸರಿಟ್ಟರು. 2020ರಲ್ಲಿ ಬ್ಯಾಸಿಲಸ್ ಕುಲವನ್ನು, ಅಂದರೆ ಹತ್ತಿರದ ಪ್ರಭೇದಗಳ ಆ ಗುಂಪನ್ನು, ಜೀನೋಮ್ ಆಧಾರದ ಮೇಲೆ ಒಡೆದಾಗ ಅದು ಪ್ರೀಸ್ಟಿಯಾ ಎಂಬ ಹೊಸ ಕುಲಕ್ಕೆ ಹೋಯಿತು. ಕುಲದ ಹೆಸರು ಬದಲಾದರೂ ಆರ್ಯಭಟನ ಹೆಸರು ಹಾಗೇ ಜೊತೆಗೆ ಬಂತು, ಏಕೆಂದರೆ ಪ್ರಭೇದವನ್ನು ಸೂಚಿಸುವ ಎರಡನೆಯ ಪದವನ್ನು ಸುಮ್ಮನೆ ಬದಲಿಸುವ ಅಧಿಕಾರ ಯಾರಿಗೂ ಇಲ್ಲ.

ಪ್ರಶ್ನೆ: ನಾನು ಸೂಕ್ಷ್ಮಜೀವಿ ವಿಜ್ಞಾನ ಕಲಿಸುತ್ತೇನೆ. ಲ್ಯಾಕ್ಟೋಬ್ಯಾಸಿಲಸ್ ಕೇಸಿಯೈ ಎಂದು ವರ್ಷಗಟ್ಟಲೆ ಹೇಳಿಕೊಟ್ಟದ್ದನ್ನು ಈಗ ಬೇರೆ ಹೆಸರಿನಿಂದ ಕರೆಯಬೇಕಂತೆ. ವೈದ್ಯರೂ ಇದೇ ದೂರು ಹೇಳುತ್ತಾರೆ. ಹೀಗೆ ಹೆಸರು ಬದಲಿಸುತ್ತಲೇ ಇರುವುದು ನ್ಯಾಯವೇ?

ಉತ್ತರ: ನಿಮ್ಮ ಬೇಸರ ಅರ್ಥವಾಗುತ್ತದೆ, ಆದರೂ ಮೊಸರಿನಂಥ ಹುದುಗು ಆಹಾರಗಳಲ್ಲಿ ಕಾಣುವ ಲ್ಯಾಕ್ಟೋಬ್ಯಾಸಿಲಸ್ ವಿಷಯದಲ್ಲಿ ಬದಲಾವಣೆ ಮಾಡಿದವರ ಪರವಾಗಿಯೇ ನಾನು ಮಾತಾಡಬೇಕು. ಆ ಒಂದು ಕುಲದಲ್ಲಿ 2020ರ ಹೊತ್ತಿಗೆ 261 ಪ್ರಭೇದಗಳು ಸೇರಿಕೊಂಡಿದ್ದವು, ಅವುಗಳ ನಡುವಿನ ಅಂತರ ಎಷ್ಟೋ ಕುಟುಂಬಗಳೊಳಗಿನ ಅಂತರಕ್ಕೂ ಮೀರಿತ್ತು. ಜೀನೋಮ್‌ಗಳನ್ನು ಹೋಲಿಸಿ ಅದನ್ನು 25 ಕುಲಗಳಾಗಿ ವಿಂಗಡಿಸಲಾಯಿತು, ಅವುಗಳಲ್ಲಿ 23 ಹೊಚ್ಚ ಹೊಸವು. ನೀವು ಹೇಳಿದ ಪ್ರಭೇದ ಈಗ ಲ್ಯಾಕ್ಟಿಕೇಸಿಬ್ಯಾಸಿಲಸ್ ಕೇಸಿಯೈ. ಹುದುಗಿಸಿದ ತರಕಾರಿಗಳಲ್ಲಿ ಕಾಣುವ ಪ್ಲಾಂಟಾರಮ್ ಈಗ ಲ್ಯಾಕ್ಟಿಪ್ಲಾಂಟಿಬ್ಯಾಸಿಲಸ್ ಪ್ಲಾಂಟಾರಮ್. ಅಸಿಡೋಫಿಲಸ್, ಡೆಲ್‌ಬ್ರೂಕಿಯೈ ಮುಂತಾದವು ಹಳೆಯ ಕುಲದಲ್ಲೇ ಉಳಿದವು. ಆಹಾರ ಮತ್ತು ಆರೋಗ್ಯ ಉತ್ಪನ್ನಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಭೇದಗಳ ಹೊಸ ಕುಲಗಳಿಗೆ ‘ಎಲ್’ ಅಕ್ಷರದಿಂದಲೇ ಆರಂಭವಾಗುವ ಹೆಸರು ಇಟ್ಟದ್ದನ್ನು ಗಮನಿಸಿ. ಪೊಟ್ಟಣಗಳ ಮೇಲೆ, ವರದಿಗಳಲ್ಲಿ, ಪ್ರಬಂಧಗಳಲ್ಲಿ ಬಳಸುತ್ತ ಬಂದ ಸಂಕ್ಷಿಪ್ತ ರೂಪ ಹಾಗೇ ಮುಂದುವರಿಯಲೆಂಬ ಕಾಳಜಿ ಅದರ ಹಿಂದಿದೆ. ಹೊಸ ಗುಂಪುಗಳು ಆಯಾ ಜೀವಿಗಳು ವಾಸಿಸುವ ಜಾಗಕ್ಕೂ, ಅವು ಸಕ್ಕರೆಯನ್ನು ಬಳಸುವ ಬಗೆಗೂ ಹಿಂದಿಗಿಂತ ಚೆನ್ನಾಗಿ ಹೊಂದುತ್ತವೆ. ಕಲಿಸುವವರಿಗೆ ಇದರಿಂದ ಕೊನೆಗೆ ಅನುಕೂಲವೇ ಆಗುತ್ತದೆ.

ವೈದ್ಯಕೀಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಆಂಟಿಬಯೋಟಿಕ್ ಸೇವನೆಯ ನಂತರ ತೀವ್ರ ಭೇದಿ ತರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಮೂಲ ಕ್ಲಾಸ್ಟ್ರಿಡಿಯಂ ಕುಲಕ್ಕೆ ಸೇರಿದ್ದಲ್ಲವೆಂದು ಬಹಳ ಹಿಂದೆಯೇ ತಿಳಿದಿತ್ತು. 2013ರಲ್ಲಿ ಪೆಪ್ಟೋಕ್ಲಾಸ್ಟ್ರಿಡಿಯಂ ಎಂಬ ಹೆಸರಿನ ಸಲಹೆ ಬಂತು. ಹಾಗಾಗಿದ್ದರೆ ಆಸ್ಪತ್ರೆಗಳಲ್ಲಿ ಎಲ್ಲರ ಬಾಯಲ್ಲಿರುವ ‘ಸಿ. ಡಿಫ್’ ಎಂಬ ರೂಢಿಯ ಮಾತೇ ತಪ್ಪಾಗಿಬಿಡುತ್ತಿತ್ತು. 2016ರಲ್ಲಿ ಕ್ಲಾಸ್ಟ್ರಿಡಿಯಾಯ್ಡೀಸ್ ಎಂಬ ಹೆಸರನ್ನು ಆರಿಸಿ ಆ ತೊಂದರೆಯನ್ನು ತಪ್ಪಿಸಲಾಯಿತು. ಇದಕ್ಕಿಂತ ಗಂಭೀರವಾದದ್ದು ಪ್ಲೇಗ್ ರೋಗಾಣುವಿನ ಪ್ರಸಂಗ. ಯೆರ್ಸಿನಿಯಾ ಪೆಸ್ಟಿಸ್ ಮತ್ತು ಅದಕ್ಕಿಂತ ಬಹಳ ಸೌಮ್ಯವಾದ ಯೆರ್ಸಿನಿಯಾ ಸೂಡೋಟ್ಯೂಬರ್‌ಕ್ಯುಲೋಸಿಸ್ ಡಿಎನ್‌ಎ ದೃಷ್ಟಿಯಿಂದ ಒಂದೇ ಪ್ರಭೇದ. ಆದ್ದರಿಂದ ಪ್ಲೇಗ್ ರೋಗಾಣುವನ್ನು ಎರಡನೆಯದರ ಉಪಪ್ರಭೇದವೆಂದು ಕರೆಯುವ ಸಲಹೆ ಬಂದಿತ್ತು. ಹೆಸರು ಓದಿದವರು ಅಪಾಯವನ್ನು ಕಡೆಗಣಿಸಿದರೆ ಪ್ರಾಣಹಾನಿಯಾದೀತೆಂಬ ಕಾರಣಕ್ಕೆ ನ್ಯಾಯಿಕ ಆಯೋಗ 1985ರಲ್ಲಿ ಆ ಹೆಸರನ್ನು ತಿರಸ್ಕರಿಸಿತು. ಅಪಾಯಕ್ಕೆ ದಾರಿಮಾಡುವ ಹೆಸರನ್ನು ತಳ್ಳಿಹಾಕಲು ಸಂಹಿತೆಯಲ್ಲೇ ಅವಕಾಶವಿದೆ.

ಈ ಇಡೀ ಚರ್ಚೆಯಲ್ಲಿ ಜನ ಮರೆಯುವ ಅಂಶವೊಂದಿದೆ: ಬ್ಯಾಕ್ಟೀರಿಯಾಗಳಿಗೆ ಅಧಿಕೃತ ವರ್ಗೀಕರಣ ಎಂಬುದೇ ಇಲ್ಲ. ಸಂಹಿತೆ ಹೆಸರುಗಳ ಮೇಲೆ ಹಿಡಿತ ಇಟ್ಟುಕೊಂಡಿದೆ. ಯಾವ ಪ್ರಭೇದವನ್ನು ಯಾವ ಕುಲದಲ್ಲಿ ಇಡಬೇಕೆಂಬ ವೈಜ್ಞಾನಿಕ ಅಭಿಪ್ರಾಯಕ್ಕೆ ಅದು ಸಂಪೂರ್ಣ ಸ್ವಾತಂತ್ರ್ಯ ಕೊಟ್ಟಿದೆ. 2018ರಲ್ಲಿ ಮೈಕೋಬ್ಯಾಕ್ಟೀರಿಯಂ ಕುಲವನ್ನು ಐದಾಗಿ ಒಡೆದಾಗ ಆ ಹೊಸ ಹೆಸರುಗಳು ಮಾನ್ಯವಾದವು. ಆದರೆ ಹಳೆಯ ಹೆಸರುಗಳೂ ಮಾನ್ಯವಾಗಿಯೇ ಉಳಿದವು. ಶ್ವಾಸಕೋಶದ ಸೋಂಕಿಗೆ ಚಿಕಿತ್ಸೆ ನೀಡುವ ಹಲವು ತಜ್ಞರು ವಿಭಜನೆಯನ್ನು ಒಪ್ಪದೆ ಮೈಕೋಬ್ಯಾಕ್ಟೀರಿಯಂ ಆಬ್ಸೆಸಸ್ ಎಂದೇ ಬರೆಯುತ್ತಿದ್ದಾರೆ, ಅದರಲ್ಲಿ ಯಾವ ನಿಯಮವೂ ಮುರಿದಿಲ್ಲ. ಆದ್ದರಿಂದ ತರಗತಿಯಲ್ಲಿ ಹೊಸ ಹೆಸರನ್ನು ಹೇಳಿ, ಹಳೆಯ ಹೆಸರನ್ನು ಜೊತೆಯಲ್ಲೇ ತಿಳಿಸಿ. ವಿದ್ಯಾರ್ಥಿಗಳು ಹತ್ತು ವರ್ಷ ಹಳೆಯ ಪ್ರಬಂಧವನ್ನೂ ಓದಬೇಕಾಗುತ್ತದೆ.

ಪ್ರಶ್ನೆ: ಪ್ರೋಟಿಯೋಬ್ಯಾಕ್ಟೀರಿಯಾ ಎಂಬ ಗುಂಪು ಸ್ಯೂಡೋಮೊನಡೋಟಾ ಆದದ್ದು ಯಾವಾಗ?

ಉತ್ತರ: 2021ರಲ್ಲಿ. ಅದುವರೆಗೆ ಫೈಲಂ ಎಂಬ ಹಂತ, ಅಂದರೆ ಕುಲ, ಕುಟುಂಬಗಳಿಗಿಂತ ಬಹಳ ಮೇಲಿನ ದೊಡ್ಡ ಗುಂಪು, ಸಂಹಿತೆಯ ವ್ಯಾಪ್ತಿಯಲ್ಲೇ ಇರಲಿಲ್ಲ. ಅದನ್ನು ಸೇರಿಸಿಕೊಂಡ ಮೇಲೆ, ಗುಂಪಿನ ಮಾದರಿ ಕುಲದ ಹೆಸರಿಗೆ ‘ಓಟಾ’ ಎಂಬ ಪ್ರತ್ಯಯ ಹಚ್ಚಬೇಕೆಂಬ ನಿಯಮದಂತೆ 42 ಫೈಲಂಗಳ ಹೆಸರುಗಳು ಒಮ್ಮೆಗೇ ಪ್ರಕಟವಾದವು. ಫರ್ಮಿಕ್ಯೂಟ್ಸ್ ಈಗ ಬ್ಯಾಸಿಲೋಟಾ. ಪರೀಕ್ಷೆಗೆ ಓದುವವರು ಎರಡನ್ನೂ ತಿಳಿದಿರುವುದು ಕ್ಷೇಮ.

ಪ್ರಶ್ನೆ: ಬಹುಪಾಲು ಬ್ಯಾಕ್ಟೀರಿಯಾಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಲು ಆಗುವುದಿಲ್ಲವೆಂದು ಕೇಳಿದ್ದೇನೆ. ಜೀವಂತ ತಳಿಯನ್ನು ಎರಡು ದೇಶಗಳಲ್ಲಿ ಇಡಬೇಕೆಂದರೆ ಅವುಗಳಿಗೆ ಹೆಸರೇ ಇಲ್ಲವೇ?

ಉತ್ತರ: ಇಂದಿನ ದೊಡ್ಡ ವಿವಾದವೇ ಇದು. ಮಣ್ಣಿನ ಅಥವಾ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಎಣಿಕೆಗೆ ಸಿಗುವ ಕೋಶಗಳಲ್ಲಿ ಅಗರ್ ತಟ್ಟೆಯ ಮೇಲೆ ಬೆಳೆಯುವುದು ಬಹಳ ಸಣ್ಣ ಪಾಲು ಮಾತ್ರ. ಉಳಿದವುಗಳನ್ನು ನಾವು ಅವುಗಳ ಡಿಎನ್‌ಎಯಿಂದ ಬಲ್ಲೆವು. ಸಾರ್ಗಾಸೋ ಸಮುದ್ರದ ನೀರಿನಲ್ಲಿ 1990ರಲ್ಲಿ ಒಂದು ಅಪರಿಚಿತ 16ಎಸ್ ಜೀನು ಕಂಡುಬಂತು. ಅದರ ಒಡೆಯನಾದ ಎಸ್‌ಎಆರ್11 ಎಂಬ ಗುಂಪು ಸಾಗರದ ಮೇಲ್ಪದರದ ಸೂಕ್ಷ್ಮಜೀವಿ ಕೋಶಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟಿದೆಯೆಂದು 2002ರಲ್ಲಿ ಅಂದಾಜಾಯಿತು. ಅದೇ ವರ್ಷ, ಪೋಷಕಾಂಶ ಸಮೃದ್ಧವಾದ ಮಾಧ್ಯಮವನ್ನು ಬಿಟ್ಟು ಕ್ರಿಮಿಶುದ್ಧಗೊಳಿಸಿದ ಸಮುದ್ರದ ನೀರಿನಲ್ಲೇ ಅದನ್ನು ಮೊದಲ ಬಾರಿಗೆ ಬೆಳೆಸಿದರು. ಆದರೂ ಭೂಮಿಯ ಮೇಲೆ ಇಷ್ಟು ಹೇರಳವಾಗಿರುವ ಆ ಜೀವಿ ದೀರ್ಘಕಾಲ ‘ಕ್ಯಾಂಡಿಡೇಟಸ್ ಪೆಲಾಜಿಬ್ಯಾಕ್ಟರ್ ಯುಬೀಕ್’ ಎಂಬ ತಾತ್ಕಾಲಿಕ ಹೆಸರಿನಲ್ಲೇ ಇರಬೇಕಾಯಿತು. ಕ್ಯಾಂಡಿಡೇಟಸ್ ಎಂಬುದು 1990ರ ದಶಕದ ಮಧ್ಯದಲ್ಲಿ ಮಾಡಿಕೊಂಡ ಏರ್ಪಾಡು. ಶುದ್ಧ ತಳಿಯನ್ನು ಒದಗಿಸಲಾಗದಿದ್ದರೂ ಸಾಕಷ್ಟು ಮಾಹಿತಿ ಇರುವ ಜೀವಿಗಳಿಗೆ ಈ ಹಣೆಪಟ್ಟಿ ಸಿಗುತ್ತದೆ, ಪೂರ್ಣ ಮಾನ್ಯತೆ ಸಿಗುವುದಿಲ್ಲ.

ಬರಿಗಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಕೂಡ ಇದೇ ಸ್ಥಿತಿಯಲ್ಲಿ ಪ್ರಕಟವಾಯಿತು. ಕೆರಿಬಿಯನ್‌ನ ಗ್ವಾಡಲೂಪ್ ದ್ವೀಪದ ಮ್ಯಾಂಗ್ರೋವ್ ಕಾಡಿನ ನೀರಿನಲ್ಲಿ ಮುಳುಗಿ ಕೊಳೆಯುತ್ತಿದ್ದ ಎಲೆಗಳ ಮೇಲೆ ಬಿಳಿಯ ಎಳೆಗಳಂತೆ ಅಂಟಿಕೊಂಡಿದ್ದ ಥಿಯೊಮಾರ್ಗರಿಟಾ ಮ್ಯಾಗ್ನಿಫಿಕಾ ಸುಮಾರು ಒಂದು ಸೆಂಟಿಮೀಟರ್ ಉದ್ದವಿದ್ದು, ಕೆಲವು ಎರಡು ಸೆಂಟಿಮೀಟರಿನವರೆಗೂ ಬೆಳೆಯುತ್ತವೆ. ಆ ಇಡೀ ಎಳೆ ಒಂದೇ ಜೀವಕೋಶ. 2022ರಲ್ಲಿ ಪ್ರಕಟವಾದ ಅಧ್ಯಯನ ಅದರ ಡಿಎನ್‌ಎ ಪೊರೆಯಿಂದ ಸುತ್ತುವರಿದ ಪುಟ್ಟ ಕೋಣೆಗಳಲ್ಲಿ ಇರುವುದನ್ನು ತೋರಿಸಿ, ಬ್ಯಾಕ್ಟೀರಿಯಾದ ಡಿಎನ್‌ಎ ಕೋಶದಲ್ಲಿ ಮುಕ್ತವಾಗಿ ಹರಡಿಕೊಂಡಿರುತ್ತದೆಂಬ ಪಠ್ಯಪುಸ್ತಕದ ಮಾತನ್ನು ತಿದ್ದಬೇಕಾಗುವಂತೆ ಮಾಡಿತು. ಅಂಥ ಜೀವಿಯನ್ನೂ ಪ್ರಯೋಗಾಲಯದಲ್ಲಿ ಬೆಳೆಸಲಾಗದ ಕಾರಣ ಅದಕ್ಕೂ ಕ್ಯಾಂಡಿಡೇಟಸ್ ಪಟ್ಟವೇ ಗತಿಯಾಯಿತು.

ಜೀವಂತ ತಳಿಯ ಬದಲು ಜೀನೋಮ್ ಅನುಕ್ರಮವನ್ನೇ ಹೆಸರಿನ ಆಧಾರವಾಗಿ ಒಪ್ಪಬೇಕೆಂಬ ಪ್ರಸ್ತಾವವನ್ನು ಅಂತರರಾಷ್ಟ್ರೀಯ ಸಮಿತಿ 2020ರಲ್ಲಿ ಮತಕ್ಕೆ ಹಾಕಿ ತಿರಸ್ಕರಿಸಿತು. ಪ್ರಸ್ತಾವದ ಬೆಂಬಲಿಗರು ಸುಮ್ಮನಾಗದೆ ಸೀಕ್‌ಕೋಡ್ ಎಂಬ ಪ್ರತ್ಯೇಕ ಸಂಹಿತೆಯನ್ನು ರೂಪಿಸಿ 2022ರಲ್ಲಿ ಪ್ರಕಟಿಸಿದರು. ಅದರಡಿ ಗುಣಮಟ್ಟದ ಜೀನೋಮ್ ಇದ್ದರೆ ಸಾಕು, ಬೆಳೆಸಿದ ಜೀವಿಗೂ ಬೆಳೆಸಲಾಗದ ಜೀವಿಗೂ ಹೆಸರನ್ನು ನೋಂದಾಯಿಸಬಹುದು. ಹಳೆಯ ಸಂಹಿತೆಯ ಮಾನ್ಯ ಹೆಸರುಗಳನ್ನೂ ಅದು ಒಪ್ಪುತ್ತದೆ. ಒಂದೇ ಜೀವಲೋಕಕ್ಕೆ ಎರಡು ಸಂಹಿತೆಗಳಿರುವುದು ಆರೋಗ್ಯಕರವಲ್ಲವೆಂಬ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಹೆಸರಿಲ್ಲದ ಜೀವಿಗಳು ಪ್ರಬಂಧಗಳಲ್ಲಿ ಅಕ್ಷರ-ಅಂಕಿಗಳ ಸಂಕೇತಗಳಾಗಿ ಉಳಿದು, ಒಂದು ತಂಡದ ಸಂಕೇತ ಇನ್ನೊಂದು ತಂಡಕ್ಕೆ ತಿಳಿಯದಂತಾಗುವುದು ಅದಕ್ಕಿಂತ ದೊಡ್ಡ ಹಾನಿ. ಲ್ಯಾಟಿನ್ ವ್ಯಾಕರಣಕ್ಕೆ ಹೊಂದುವ ಹತ್ತು ಲಕ್ಷಕ್ಕೂ ಹೆಚ್ಚು ಹೆಸರುಗಳನ್ನು ಕಂಪ್ಯೂಟರ್ ಪ್ರೋಗ್ರಾಂ ಮೂಲಕ ಸಿದ್ಧಪಡಿಸಿಟ್ಟ ಸಂಶೋಧಕರೂ ಇದ್ದಾರೆ, ಬೇಕಾದವರು ಅದರಿಂದ ಆರಿಸಿಕೊಳ್ಳಬಹುದು.

ಇದರ ನಡುವೆಯೂ ತಾಳ್ಮೆಯಿಂದ ಜೀವಿಯನ್ನು ಬೆಳೆಸುವ ಕೆಲಸ ಎಷ್ಟು ಫಲ ಕೊಡುತ್ತದೆಂಬುದಕ್ಕೆ ಜಪಾನಿನ ಒಂದು ತಂಡದ ಸಾಧನೆ ಸಾಕ್ಷಿ. ಮನುಷ್ಯನನ್ನೂ ಒಳಗೊಂಡ ಸಂಕೀರ್ಣ ಕೋಶಗಳ ಪೂರ್ವಜರಿಗೆ ಅತಿ ಹತ್ತಿರವೆನಿಸಿದ ಆಸ್ಗಾರ್ಡ್ ಆರ್ಕಿಯಾಗಳನ್ನು ಎಲ್ಲರೂ ಡಿಎನ್‌ಎ ರೂಪದಲ್ಲಷ್ಟೇ ಕಂಡಿದ್ದರು. ಈ ತಂಡ 2006ರಲ್ಲಿ ಸುಮಾರು 2,500 ಮೀಟರ್ ಆಳದ ಸಮುದ್ರತಳದಿಂದ ತಂದ ಕೆಸರನ್ನು ಮೀಥೇನ್ ಹಾಯಿಸುವ ಸ್ಪಂಜು ತುಂಬಿದ ರಿಯಾಕ್ಟರಿನಲ್ಲಿ 2,000ಕ್ಕೂ ಹೆಚ್ಚು ದಿನ ಇಟ್ಟು, ಆಮೇಲೆ ಗಾಜಿನ ಕೊಳವೆಗಳಲ್ಲಿ ಅಮೈನೋ ಆಮ್ಲ ಮತ್ತು ಆಂಟಿಬಯೋಟಿಕ್ ಬೆರೆಸಿ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿತು. ದುಪ್ಪಟ್ಟಾಗಲು ಆ ಜೀವಿಗೆ ಎರಡರಿಂದ ಮೂರೂವರೆ ವಾರ ಬೇಕು. ಒಟ್ಟು ಹನ್ನೆರಡು ವರ್ಷಗಳ ಆ ಶ್ರಮ 2020ರಲ್ಲಿ ಪ್ರಕಟವಾದಾಗ ಕಂಡದ್ದು ಕವಲೊಡೆದ ನೀಳ ಚಾಚುಗಳುಳ್ಳ, ಇನ್ನೊಂದು ಸೂಕ್ಷ್ಮಜೀವಿಯ ಸಹವಾಸವಿಲ್ಲದೆ ಬದುಕದ ಒಂದು ಪುಟ್ಟ ಕೋಶ. ಜೀನೋಮ್ ಓದಿ ಅದರ ಸಹಬಾಳ್ವೆಯನ್ನು ಊಹಿಸಬಹುದಿತ್ತು. ಅದರ ಆಕಾರವನ್ನು ಊಹಿಸಲು ಯಾರಿಂದಲೂ ಸಾಧ್ಯವಿರಲಿಲ್ಲ. ಕ್ಯಾಂಡಿಡೇಟಸ್ ಆಗಿ ಆರಂಭವಾದ ಆ ಹೆಸರು 2024ರಲ್ಲಿ ಪ್ರೊಮಿಥಿಯಾರ್ಕಿಯಂ ಸಿಂಟ್ರೋಫಿಕಂ ಎಂಬ ಮಾನ್ಯ ಹೆಸರಾಯಿತು.

ಪ್ರಶ್ನೆ: ಒಟ್ಟು ಎಷ್ಟು ಬ್ಯಾಕ್ಟೀರಿಯಾ ಪ್ರಭೇದಗಳಿವೆ?

ಉತ್ತರ: ಮಾನ್ಯ ಹೆಸರು ಪಡೆದವು 20 ಸಾವಿರ ದಾಟಿವೆ. ಜೀನೋಮ್ ಆಧಾರದ ಮೇಲೆ ವರ್ಗೀಕರಿಸುವ ಜಿಟಿಡಿಬಿ ಎಂಬ ದತ್ತಸಂಚಯದಲ್ಲಿ ಪ್ರಭೇದಗಳ ಸಂಖ್ಯೆ ಒಂದು ಲಕ್ಷವನ್ನು ಮೀರಿದೆ. ಭೂಮಿಯಲ್ಲಿರುವ ಒಟ್ಟು ಸಂಖ್ಯೆಯ ಬಗ್ಗೆ ಒಮ್ಮತವಿಲ್ಲ: ಸೂಕ್ಷ್ಮಜೀವಿಗಳ ಒಂದು ಲಕ್ಷ ಕೋಟಿ ಪ್ರಭೇದಗಳಿರಬಹುದೆಂದು 2016ರ ಅಂದಾಜು ಹೇಳಿದರೆ, 2019ರ ಇನ್ನೊಂದು ಅಧ್ಯಯನ ಬ್ಯಾಕ್ಟೀರಿಯಾ ಮತ್ತು ಆರ್ಕಿಯಾ ಸೇರಿ 8ರಿಂದ 16 ಲಕ್ಷವೆಂದಿತು. ಎರಡನೆಯದು 16ಎಸ್ ಜೀನಿನ ನಿಜವಾದ ದತ್ತಾಂಶಕ್ಕೆ ಹೆಚ್ಚು ಹತ್ತಿರವಾಗಿ ನಡೆದುಕೊಂಡಿದೆಯಾದ್ದರಿಂದ ನನ್ನ ಒಲವು ಅದರ ಕಡೆಗಿದೆ.

ಪ್ರಶ್ನೆ: ಹೆಸರಿಟ್ಟ ಮಾತ್ರಕ್ಕೆ ಆ ಬ್ಯಾಕ್ಟೀರಿಯಾ ಏನು ಮಾಡುತ್ತದೆಂದು ತಿಳಿದಂತಾಯಿತೇ?

ಉತ್ತರ: ಇಲ್ಲ, ಮತ್ತು ಇದನ್ನು ಒತ್ತಿ ಹೇಳಬೇಕು. ಬಹಳಷ್ಟು ಹೊಸ ಪ್ರಭೇದಗಳನ್ನು ಒಂದೇ ಒಂದು ತಳಿಯ ಆಧಾರದ ಮೇಲೆ ವಿವರಿಸಲಾಗುತ್ತದೆ. ಅದೇ ಪ್ರಭೇದದ ಇತರ ತಳಿಗಳು ಎಷ್ಟು ಭಿನ್ನವೆಂಬುದು ಅದರಿಂದ ತಿಳಿಯುವುದಿಲ್ಲ. ಜೀನೋಮ್ ಪೂರ್ತಿ ಓದಿದರೂ ಅಷ್ಟೆ. 2016ರಲ್ಲಿ ಬದುಕಲು ಅಗತ್ಯವಾದ ಜೀನ್‌ಗಳನ್ನಷ್ಟೇ ಉಳಿಸಿ ಕಟ್ಟಿದ ಕೃತಕ ಜೀನೋಮಿನ ಬ್ಯಾಕ್ಟೀರಿಯಾದಲ್ಲಿ ಇದ್ದದ್ದು 473 ಜೀನ್‌ಗಳು; ಅವುಗಳಲ್ಲಿ 149ರ ಕೆಲಸವೇನೆಂದು ಅದನ್ನು ಕಟ್ಟಿದವರಿಗೇ ಅಂದು ಗೊತ್ತಿರಲಿಲ್ಲ. ಹಾಗಿರುವಾಗ ನಿನ್ನೆ ಮೊನ್ನೆ ಕೆಸರಿನಿಂದ ಬೇರ್ಪಡಿಸಿದ, ಸಾವಿರಾರು ಜೀನ್‌ಗಳ ಜೀವಿಯೊಂದನ್ನು ಅರ್ಥಮಾಡಿಕೊಂಡೆವೆಂದು ಹೇಳಲಾಗದು.

ಹೆಸರಿಡುವುದರಿಂದ ಮುಂದಿನ ಕೆಲಸಕ್ಕೆ ದಾರಿ ಸುಗಮವಾಗುತ್ತದೆ. ಜಪಾನಿನ ಸಕಾಯ್ ನಗರದಲ್ಲಿ ಪ್ಲಾಸ್ಟಿಕ್ ಬಾಟಲಿಗಳ ಮರುಬಳಕೆ ಕೇಂದ್ರದ ಬಳಿ ಸಂಗ್ರಹಿಸಿದ ಮಾದರಿಗಳಲ್ಲಿ ಸಿಕ್ಕ ಒಂದು ಬ್ಯಾಕ್ಟೀರಿಯಾ, ಬಾಟಲಿ ತಯಾರಿಸುವ ಪಿಇಟಿ ಪ್ಲಾಸ್ಟಿಕ್ಕನ್ನೇ ಆಹಾರವಾಗಿ ಬಳಸುತ್ತದೆಂದು 2016ರಲ್ಲಿ ಪ್ರಕಟವಾಯಿತು. ತೆಳುವಾದ ಪಿಇಟಿ ಹಾಳೆಯನ್ನು ಅದು 30 ಡಿಗ್ರಿಯಲ್ಲಿ ಆರು ವಾರಗಳಲ್ಲಿ ಬಹುತೇಕ ಕರಗಿಸಿತು. ಅದೇ ವರ್ಷ ಐಡಿಯೊನೆಲ್ಲಾ ಸಕಾಯೆನ್ಸಿಸ್ ಎಂದು ಅದನ್ನು ವಿಧಿವತ್ತಾಗಿ ವಿವರಿಸಿ, 201-ಎಫ್6 ಎಂಬ ಅದರ ಮಾದರಿ ತಳಿಯನ್ನು ಸಂಗ್ರಹಾಲಯದಲ್ಲಿ ಇರಿಸಲಾಯಿತು. ಅದು ಬಳಸುವ ಎರಡು ಕಿಣ್ವಗಳು ಒಂದರ ನಂತರ ಒಂದರಂತೆ ಕೆಲಸ ಮಾಡುತ್ತವೆ: ಮೊದಲನೆಯದು ಉದ್ದದ ಸರಪಳಿಯನ್ನು ತುಂಡರಿಸುತ್ತದೆ, ಎರಡನೆಯದು ಆ ತುಂಡುಗಳನ್ನು ಕೋಶ ಬಳಸಿಕೊಳ್ಳಬಲ್ಲ ಮೂಲ ಘಟಕಗಳಾಗಿ ಒಡೆಯುತ್ತದೆ. ಮೊದಲ ಕಿಣ್ವದ ಮೂರು ಆಯಾಮದ ರಚನೆಯನ್ನು ಬೇರೆ ಬೇರೆ ದೇಶಗಳ ತಂಡಗಳು ಬಿಡಿಸಿ ನೋಡಿದವು. ಪಿಇಟಿ ಮೆದುವಾಗುವುದು 70 ಡಿಗ್ರಿಯ ಆಸುಪಾಸಿನಲ್ಲಿ, ಈ ಕಿಣ್ವವೋ ಅಷ್ಟು ಬಿಸಿಯಲ್ಲಿ ಕೆಟ್ಟುಹೋಗುತ್ತದೆ. ಹಾಗಾಗಿ ಅದರ ಕೆಲವು ಅಮೈನೋ ಆಮ್ಲಗಳನ್ನು ಬದಲಿಸಿ ಶಾಖ ತಾಳುವ ರೂಪಗಳನ್ನು ತಯಾರಿಸುವ ಪ್ರಯತ್ನ ಈಗ ಹಲವು ಪ್ರಯೋಗಾಲಯಗಳಲ್ಲಿ ನಡೆದಿದೆ.